ಮೈಕ್ರೋಕಂಟ್ರೋಲರ್ ಕಲಿಕೆ ಮತ್ತು ಸಾಧನಗಳ ಆಯ್ಕೆ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯ ಬಾಳು ತೆಂಗನ್ನು ನಂಬಿದ ಬಾಳು. ತೆಂಗು ನೀರನ್ನು ನಂಬಿದೆ. ನೀರು ಕೊಳವೆಬಾವಿಯನ್ನೂ ಮೂರು ಫೇಸ್ ವಿದ್ಯುತ್ತನ್ನೂ ನಂಬಿದೆ. ಆ ವಿದ್ಯುತ್ತು ದಿನದ ಕೆಲವೇ ಗಂಟೆಗಳ ಕಾಲ, ಅದೂ ಅನೇಕ ವೇಳೆ ರಾತ್ರಿಯಲ್ಲಿ ದೊರೆಯುವುದರಿಂದ, ಪಂಪಿನ ಮೋಟಾರನ್ನು ತಾನಾಗಿ ನಡೆಸಿ ನಿಲ್ಲಿಸುವ ಪೆಟ್ಟಿಗೆಗಳು ತೋಟಗಳಿಗೆ ಬಂದಿವೆ. ಇಂಥ ಹಲವು ಪೆಟ್ಟಿಗೆಗಳೊಳಗೆ ಮೈಕ್ರೋಕಂಟ್ರೋಲರ್ ಎಂಬ ಪುಟ್ಟ ಗಣಕವೊಂದು ಕುಳಿತಿದೆ. ಈ ಸೀಮೆಯ ಮಕ್ಕಳು ಅದನ್ನು ಕೊಂಡು ಬಳಸುವವರಾಗಿಯೇ ಉಳಿಯಬೇಕೆ, ಅಥವಾ ಅದಕ್ಕೆ ಆಜ್ಞೆ ಬರೆಯಬಲ್ಲವರಾಗಬೇಕೆ ಎಂಬುದು ವಿದ್ಯಾಸಂಸ್ಥೆಗಳು ವಿಚಾರಿಸಬೇಕಾದ ಪ್ರಶ್ನೆ.

ನೀತಿ ಆಯೋಗದ ಅಟಲ್ ಟಿಂಕರಿಂಗ್ ಪ್ರಯೋಗಾಲಯ ಯೋಜನೆಯು 2016ರಲ್ಲಿ ಆರಂಭವಾದಾಗ, ಆಯ್ಕೆಯಾದ ಶಾಲೆಗೆ 20 ಲಕ್ಷ ರೂಪಾಯಿಗಳವರೆಗಿನ ನೆರವನ್ನು ಗೊತ್ತುಪಡಿಸಿತು. ಬೇರೆಡೆಗಳಲ್ಲಿ ಉದಾರಿಗಳಾದ ದಾನಿಗಳೇ ಈ ವೆಚ್ಚವನ್ನು ವಹಿಸುತ್ತಾರೆ. ಆದರೆ ಹಣ ಒದಗಿದೊಡನೆ ಕೇಳಿಬರುವ ಪ್ರಶ್ನೆ "ಎಷ್ಟು ಕಿಟ್ ಕೊಳ್ಳೋಣ?" ಎಂಬುದು. ಮೊದಲು ಕೇಳಬೇಕಾದದ್ದು "ಯಾವ ಕಂಪೈಲರ್, ಯಾವ ಪ್ರೋಗ್ರಾಮರ್?" ಎಂದು.

ಸಿ ಮುಂತಾದ ಭಾಷೆಯಲ್ಲಿ ಬರೆದ ಆಜ್ಞೆಗಳನ್ನು ಚಿಪ್ ಅರಿಯುವ ಸಂಕೇತಗಳಿಗೆ ಪರಿವರ್ತಿಸುವ ತಂತ್ರಾಂಶವೇ ಕಂಪೈಲರ್. ಆ ಸಂಕೇತಗಳನ್ನು ಗಣಕಯಂತ್ರದಿಂದ ಚಿಪ್ಪಿನ ಸ್ಮೃತಿಗೆ ಇಳಿಸುವ ಸಾಧನಕ್ಕೆ ಪ್ರೋಗ್ರಾಮರ್ ಎಂದು ಹೆಸರು. ಮೋಟಾರು ನಲವತ್ತು ನಿಮಿಷ ನಡೆಯಲೆಂದು ಬರೆದ ಪ್ರೋಗ್ರಾಂ, ಬೇಸಿಗೆಯಲ್ಲಿ ಬಾವಿಯ ನೀರು ಇಳಿದಾಗ ಇಪ್ಪತ್ತೈದು ನಿಮಿಷಕ್ಕೆ ಬದಲಾಗಬೇಕು. ಈ ಎರಡು ಸಾಧನಗಳು ಕೈಯಲ್ಲಿಲ್ಲದವನಿಗೆ ತಾನೇ ಬರೆದದ್ದನ್ನೂ ತಿದ್ದಲಾಗದು.

ಇಂಟೆಲ್ ಸಂಸ್ಥೆಯು 1980ರಲ್ಲಿ ಹೊರತಂದ 8051 ಚಿಪ್ ನಮ್ಮ ಇಂಜಿನಿಯರಿಂಗ್ ಕಾಲೇಜುಗಳಲ್ಲಿ ಬಹುಕಾಲ ಪಾಠವಾಗಿದೆ. ಅದಕ್ಕೆ ಬಳಕೆಯಲ್ಲಿದ್ದ ಕೈಲ್ ಕಂಪೈಲರಿನ ಉಚಿತ ಪರೀಕ್ಷಾರ್ಥ ರೂಪವು 2 ಕಿಲೋಬೈಟ್ ಮೀರಿದ ಪ್ರೋಗ್ರಾಮನ್ನು ಒಪ್ಪದು. ಎಸ್‌ಡಿಸಿಸಿ ಎಂಬ ಮುಕ್ತ ಕಂಪೈಲರಿಗೆ ಆ ಮಿತಿಯಿಲ್ಲ. ಪಿಕ್ ಚಿಪ್ಪುಗಳಿಗೆ ಅವುಗಳ ತಯಾರಕರಾದ ಮೈಕ್ರೋಚಿಪ್ ಸಂಸ್ಥೆಯ ಎಕ್ಸ್‌ಸಿ8 ಕಂಪೈಲರ್ ಉಚಿತವಾಗಿಯೂ ಸಿಗುತ್ತದೆ. ಪಿಕ್‌ಕಿಟ್ ಪ್ರೋಗ್ರಾಮರ್ ಸಹ ಅವರದೇ. ಎವಿಆರ್ ಚಿಪ್ಪುಗಳಿಗಾದರೋ ಜಿಸಿಸಿ ಎಂಬ ಮುಕ್ತ ಕಂಪೈಲರ್ ಇದೆ. ಯುಎಸ್‌ಬಿಎಎಸ್‌ಪಿ ಎಂಬ ಅಗ್ಗದ ಪ್ರೋಗ್ರಾಮರಿನ ವಿನ್ಯಾಸವೂ ಬಹಿರಂಗವಾಗಿದೆ. 2005ರಲ್ಲಿ ಇಟಲಿಯಲ್ಲಿ ಹುಟ್ಟಿದ ಆರ್ಡುಯಿನೋ ಈ ಎವಿಆರ್ ಚಿಪ್ಪುಗಳನ್ನೇ ಆಧರಿಸಿ ಬೆಳೆಯಿತು. ಅದರ ಊನೋ ಎಂಬ ಬೋರ್ಡಿಗೆ ಮೊದಲ ಪಾಠಗಳಲ್ಲಿ ಬೇರೆ ಪ್ರೋಗ್ರಾಮರ್ ಕೂಡ ಬೇಡ. ಒಂದು ಯುಎಸ್‌ಬಿ ತಂತಿ ಸಾಕು.

ಆರ್ಡುಯಿನೋ ಎಲ್ಲವನ್ನೂ ಸುಲಭಗೊಳಿಸಿ, ಒಳಗಿನ ಕ್ರಿಯೆಯನ್ನು ಮರೆಮಾಡುತ್ತದೆ ಎಂಬ ಆಕ್ಷೇಪ ನಿರಾಧಾರವಲ್ಲ. ಆದ್ದರಿಂದಲೇ ಅದು ಮೊದಲ ಮೆಟ್ಟಿಲಾಗಬೇಕು, ಕೊನೆಯದಾಗಬಾರದು. ಕೆಲವು ತಿಂಗಳ ಬಳಿಕ ಅದೇ ಕಂಪೈಲರಿನೊಡನೆ ಬರಿಯ ಚಿಪ್ಪನ್ನೂ ಪ್ರತ್ಯೇಕ ಪ್ರೋಗ್ರಾಮರನ್ನೂ ವಿದ್ಯಾರ್ಥಿಯ ಕೈಗಿತ್ತರೆ, ಕಲಿತದ್ದಾವುದೂ ವ್ಯರ್ಥವಾಗದು. ಊನೋ ಬೋರ್ಡಿನ ಚಿಪ್ಪನ್ನು ಹತ್ತು ಸಾವಿರ ಸಲ ಅಳಿಸಿ ಬರೆಯಬಹುದೆಂದು ತಯಾರಕರೇ ಹೇಳುವುದರಿಂದ ಪ್ರೋಗ್ರಾಮಿನಲ್ಲಿ ತಪ್ಪು ಬರೆದರೆ ನಷ್ಟವಿಲ್ಲ. ಉದ್ಯಮಗಳು ಬೇರೆ ಚಿಪ್ಪುಗಳನ್ನು ಬಳಸುತ್ತವೆಂಬ ಮಾತಿಗೂ ಇಲ್ಲಿ ಉತ್ತರವಿದೆ. ಆರ್ಮ್ ಚಿಪ್ಪುಗಳಿಗೂ, ನಮ್ಮ ದೇಶದ ಸಿ-ಡ್ಯಾಕ್ ರೂಪಿಸಿದ ವೇಗಾ ಮಾಲೆಯ ರಿಸ್ಕ್-ಫೈವ್ ವಿನ್ಯಾಸಕ್ಕೂ ಜಿಸಿಸಿ ಸಲ್ಲುತ್ತದೆ.

ಒಂದು ಎಚ್ಚರಿಕೆ ಅವಶ್ಯ. ವಿದ್ಯಾರ್ಥಿಗಳ ಪ್ರಯೋಗಗಳು ಐದು ವೋಲ್ಟಿನ ಮಿತಿಯಲ್ಲಿರಲಿ; ಸುಮಾರು 400 ವೋಲ್ಟಿನ ಸ್ಟಾರ್ಟರ್ ಪೆಟ್ಟಿಗೆಯ ಕೆಲಸ ಬಲ್ಲ ವಿದ್ಯುತ್ ಕೆಲಸಗಾರನಿಗೇ ಸೇರಿದ್ದು. ಮಣ್ಣಿನ ತೇವ ಅಳೆಯುವುದು, ತೊಟ್ಟಿಯ ನೀರಿನ ಮಟ್ಟ ತಿಳಿಸುವುದು ಮೊದಲ ಅಭ್ಯಾಸಗಳಾಗಲು ಯೋಗ್ಯ.

ದಾನದ ಸಾರ್ಥಕತೆಯನ್ನು ಬೀರುವಿನಲ್ಲಿ ಬೀಗ ಹಾಕಿಟ್ಟ ಕಿಟ್‌ಗಳ ಸಂಖ್ಯೆಯಿಂದ ಅಳೆಯಲಾಗದು. ಪರವಾನಗಿಯ ಹಂಗಿಲ್ಲದ ಕಂಪೈಲರ್ ಮನೆಯ ಹಳೆಯ ಗಣಕಯಂತ್ರದಲ್ಲೂ ನಡೆಯಬಲ್ಲುದು. ಅದರೊಡನೆ ಹತ್ತಾರು ಬಿಡಿ ಚಿಪ್ಪುಗಳೂ ಕೆಲವು ಪ್ರೋಗ್ರಾಮರುಗಳೂ ಗ್ರಂಥಾಲಯದ ಪುಸ್ತಕಗಳಂತೆ ಎರವಲಾಗಿ ಮನೆಗೆ ಹೋಗಿಬರುವಂತಿರಬೇಕು. ಅವನ್ನು ಕಲಿಸುವ ಅಧ್ಯಾಪಕರಿಗೆ ತರಬೇತಿ ದೊರೆಯಬೇಕು. ಇಷ್ಟಾದರೆ, ಶಾಲೆಯ ಗಂಟೆ ಬಾರಿಸಿದ ಮೇಲೂ ಕಲಿಕೆ ತೋಟದ ಮನೆಯಲ್ಲಿ ಮುಂದುವರಿಯುವುದರಲ್ಲಿ ಸಂದೇಹವಿಲ್ಲ.