ಬಾರ್ಡರ್ ಅಲೆ ಎದ್ದರೆ ಕೌದಿ ಕೆಟ್ಟಿತು ಅಂತಲ್ಲ

ಹೊಸದಾಗಿ ಕೌದಿ ಹೊಲಿಯೋಕೆ ಕೂತವರು ನನಗೆ ಕಳಿಸೋ ಫೋಟೊ ಹೆಚ್ಚಾಗಿ ಒಂದೇ ಥರದ್ದು. ಮಧ್ಯದ ತುಂಡುಗಳೆಲ್ಲ ನೀಟಾಗಿ ಕೂತಿರುತ್ತವೆ, ಸುತ್ತಲಿನ ಬಾರ್ಡರ್ ಮಾತ್ರ ಕರಿದ ಹಪ್ಪಳದ ಅಂಚಿನ ಹಾಗೆ ಅಲೆ ಅಲೆ. ಕೆಳಗೆ ಒಂದು ಸಾಲು: ‘ಇನ್ನೇನು ಮಾಡೋಕಾಗುತ್ತೆ?’ ತುಂಬಾ ಮಾಡಬಹುದು.

ಮೊದಲು ಕಾರಣ ನೋಡೋಣ. ಉದ್ದನೆಯ ಪಟ್ಟಿಯನ್ನು ಅಳೆಯದೆ ತುದಿಗಿಟ್ಟು ಹೊಲಿಯುತ್ತಾ ಹೋಗಿ, ಕೊನೆಯಲ್ಲಿ ಉಳಿದದ್ದನ್ನು ಕತ್ತರಿಸಿರುತ್ತಾರೆ. ಆದರೆ ಜೋಡಿಸಿದ ಬಟ್ಟೆಯ ತುದಿ ಎಳೆದಾಡಿ ಎಳೆದಾಡಿ ಆಗಲೇ ಹಿಗ್ಗಿರುತ್ತೆ. ಹಿಗ್ಗಿದ ತುದಿಗೆ ತಕ್ಕಂತೆ ಪಟ್ಟಿ ಹೋದರೆ ಬಾರ್ಡರ್ ನಡುವಿನ ಅಳತೆಗಿಂತ ಉದ್ದವಾಗುತ್ತೆ. ಆ ಹೆಚ್ಚಿನ ಉದ್ದವೇ ಅಲೆ.

ಅದಕ್ಕೇ ಟೇಪನ್ನು ತುದಿಯಲ್ಲಿ ಹಿಡಿಯಬೇಡಿ, ನಡುವೆ ಹಿಡಿಯಿರಿ. ಮಧ್ಯದಲ್ಲಿ ಒಮ್ಮೆ, ಅದರ ಎಡಬಲಕ್ಕೆ ಒಂದೊಂದು ಸಲ ಅಳೆದು ಸರಾಸರಿ ತೆಗೆಯಿರಿ. ಎದುರುಬದುರಿನ ಎರಡೂ ಪಟ್ಟಿಗೆ ಅದೇ ಅಳತೆ. ಉದ್ದದ ಎರಡು ಬದಿ ಮುಗಿದ ಮೇಲೆ ಅಗಲವನ್ನು ಹೊಸದಾಗಿ ಅಳೆಯಿರಿ.

ಈಗಾಗಲೇ ಹೊಲಿದಾಗಿದ್ದರೆ? ಕೌದಿಯನ್ನು ನೆಲಕ್ಕೆ ಹಾಸಿ, ಅಲೆಯ ಮೇಲೆ ಅಂಗೈ ಇಟ್ಟು ಮೆಲ್ಲಗೆ ಒತ್ತಿ. ಬಟ್ಟೆ ಹರಡಿಕೊಂಡು ಸಪಾಟಾದರೆ ಬಿಟ್ಟುಬಿಡಿ, ಮೇಲಿನ ಸಾಲುಹೊಲಿಗೆ ಅದನ್ನು ನುಂಗಿಕೊಳ್ಳುತ್ತೆ. ಕೈ ಕೆಳಗೆ ಮಡಿಕೆ ಎದ್ದು ನಿಂತರೆ ಆ ಬದಿಯನ್ನು ಮಾತ್ರ ಬಿಚ್ಚಿ. ನಾಲ್ಕೂ ಬದಿ ಬಿಚ್ಚೋದು ಬೇಕಿಲ್ಲ.

ಬಿಚ್ಚೋದಕ್ಕೂ ಒಂದು ರೀತಿ ಇದೆ. ಎರಡು ಬಟ್ಟೆ ಹಿಡಿದು ಎಳೆದರೆ ತುದಿ ಇನ್ನಷ್ಟು ಹಿಗ್ಗುತ್ತೆ. ಒಂದು ಮಗ್ಗುಲಲ್ಲಿ ನಾಲ್ಕೈದು ಹೊಲಿಗೆಗೆ ಒಂದರಂತೆ ದಾರ ಕತ್ತರಿಸಿ, ಇನ್ನೊಂದು ಮಗ್ಗುಲಿನ ದಾರ ಎಳೆದರೆ ಪೂರ್ತಿ ಬರುತ್ತೆ. ಆಮೇಲೆ ಪಟ್ಟಿಯನ್ನು ನಾಲ್ಕು ಮಡಿಕೆ ಮಾಡಿ ಗುರುತು ಹಾಕಿ. ಕೌದಿಯ ಬದಿಗೂ ಹಾಗೇ ಮಾಡಿ. ಗುರುತಿಗೆ ಗುರುತು ಸೇರಿಸಿ ಗುಂಡುಪಿನ್ನು ಚುಚ್ಚಿ. ಉದ್ದ ಹೆಚ್ಚಿರುವ ಬಟ್ಟೆ ಕೆಳಗೆ ಇರಲಿ. ಮಷೀನ್‌ನ ಹಲ್ಲು ಕೆಳಗಿನ ಬಟ್ಟೆಯನ್ನೇ ಹೆಚ್ಚು ಎಳೆದುಕೊಳ್ಳೋದರಿಂದ ಚೂರುಪಾರು ವ್ಯತ್ಯಾಸ ಅಲ್ಲೇ ಸರಿಹೋಗುತ್ತೆ.

ಬಾರ್ಡರ್ ಹೆಚ್ಚಾದರೆ ಇಷ್ಟು. ಕಡಿಮೆ ಬಿದ್ದರೆ? ಪುಣೆಯಲ್ಲಿರೋ ನನ್ನ ಚಿಕ್ಕಮ್ಮನ ಮಗಳು ತನ್ನ ಕೂಸಿಗೆ ಅಂತ 36 ಇಂಚು ಅಗಲ, 45 ಇಂಚು ಉದ್ದದ ಕೌದಿ ಹೊಲಿದಳು. ಬಾರ್ಡರ್‌ಗೆ ತೀರಿಹೋದ ತಾಯಿಯ ಇಳಕಲ್ ಸೀರೆ. 4 ಇಂಚಿನ ಪಟ್ಟಿ ಉದ್ದದ ಎರಡು ಬದಿಗೆ ಕೂತಿತು. ಉಳಿದದ್ದು ತಲಾ 37 ಇಂಚಿನ ಎರಡು ಪಟ್ಟಿ, ಬೇಕಿದ್ದದ್ದು 44.5. ಆ ಸೀರೆ ಯಾವ ಅಂಗಡಿಯಲ್ಲೂ ಸಿಗಲ್ಲ.

ವಿಡಿಯೊ ಕಾಲ್‌ನಲ್ಲಿ ಅಳ್ತಾನೇ ಅಂದ್ಲು: “ಅಕ್ಕಾ, ಅವ್ವನ ಸೀರಿ ಹಾಳ ಮಾಡಿಬಿಟ್ಟೆ.”

“ಏನೂ ಹಾಳಾಗಿಲ್ಲ, ಟೇಪ ತಗೋ. ಅವ್ವನ ಕುಪ್ಪಸ ಅದಾವೇನು?”

ಇದ್ದವು. ಕುಪ್ಪಸದಿಂದ 4.5 ಇಂಚಿನ ನಾಲ್ಕು ಚೌಕ ಕತ್ತರಿಸಿದಳು. ಪಟ್ಟಿಯನ್ನು 36.5ಕ್ಕೆ ಇಳಿಸಿ ಎರಡೂ ತುದಿಗೆ ಒಂದೊಂದು ಚೌಕ ಸೇರಿಸಿದಳು. ಹೊಲಿಗೆಗೆ ಕಾಲಿಂಚು ಬಿಟ್ಟ ಮೇಲೆ ಸರಿಯಾಗಿ 44.5. ಮೊದಲು ಹೊಲಿದದ್ದು ಏನೂ ಬಿಚ್ಚಬೇಕಾಗಲಿಲ್ಲ. ಯಾರೂ ಉಡದೆ ಟ್ರಂಕಿನಲ್ಲಿದ್ದ ಕುಪ್ಪಸವೂ ಕೂಸಿನ ಹೊದಿಕೆಗೆ ಬಂತು.

ಮೂಲೆಗೆ ಬೇರೆ ಬಟ್ಟೆ ಹಾಕಿದರೆ ತೇಪೆ ಅನ್ನಿಸುತ್ತೆ ಅಂತ ಹಿಂಜರಿಯಬೇಡಿ. ಹಳಿಯಾಳ, ಯಲ್ಲಾಪುರ, ಮುಂಡಗೋಡ ಕಡೆಯ ಸಿದ್ದಿ ಹೆಣ್ಣುಮಕ್ಕಳು ಕವಂದಿಯನ್ನು ಅಂಚಿನಿಂದಲೇ ಶುರುಮಾಡಿ ನಡುವಿಗೆ ಬರುತ್ತಾರೆ. ನಾಲ್ಕೂ ಮೂಲೆಗೆ ಮಡಚಿದ ಬಟ್ಟೆಯ ಸಣ್ಣ ತ್ರಿಕೋನ ಹೊಲಿದು ಅದನ್ನು ‘ಫುಲ’ ಅನ್ನುತ್ತಾರೆ. ಅದು ತಪ್ಪು ಮುಚ್ಚೋಕೆ ಹಾಕಿದ್ದಲ್ಲ. ಅದಿಲ್ಲದೆ ಅವರಿಗೆ ಕವಂದಿ ಮುಗಿದಂತೆಯೇ ಅಲ್ಲ.

ಆಮೇಲೆ ಸರಿಮಾಡಲು ಕಷ್ಟವಾದ ತೊಂದರೆ ಒಂದಿದೆ, ಅದನ್ನು ಮೊದಲೇ ತಡೆಯಬೇಕು. ಹಳೆ ಸೀರೆ ಎಷ್ಟೋ ಸಲ ಒಗೆದು ಕುಗ್ಗಿ ಮುಗಿದಿರುತ್ತೆ. ಅದಕ್ಕೆ ಅಂಗಡಿಯಿಂದ ತಂದ ಹೊಸ ಕಾಟನ್ ಬಾರ್ಡರ್ ಹಚ್ಚಿದರೆ ಮೊದಲ ಒಗೆತದಲ್ಲೇ ಅದು ಕುಗ್ಗಿ ಇಡೀ ಕೌದಿಯನ್ನು ಒಳಕ್ಕೆ ಎಳೆಯುತ್ತೆ. ಹೊಸ ಬಟ್ಟೆಯನ್ನು ನೆನೆಸಿ, ಒಣಗಿಸಿ, ಇಸ್ತ್ರಿ ಮಾಡಿಯೇ ಕತ್ತರಿಸಿ. ಕೆಂಪು, ಕಡುನೀಲಿ ಬಟ್ಟೆಯಾದರೆ ಒದ್ದೆ ಬಿಳಿ ಬಟ್ಟೆಯಿಂದ ಉಜ್ಜಿ ಬಣ್ಣ ಬಿಡುತ್ತಾ ನೋಡಿ.

ಇನ್ನೊಂದು ಮಾತು. ಆಫೀಸ್ ಮುಗಿಸಿ ಬಂದ ರಾತ್ರಿ ತುಂಡು ಜೋಡಿಸಿ, ಪರವಾಗಿಲ್ಲ. ಬಾರ್ಡರ್ ಮಾತ್ರ ಭಾನುವಾರ ಬೆಳಗ್ಗೆಗೆ ಇಟ್ಟುಕೊಳ್ಳಿ.