ಹಬ್ಬದ ದಿನ ಮೆಷಿನ್ ನೋಡಿಕೊಳ್ಳುವವರು

'ಸಹೋದ್ಯೋಗಿ' ಎಂಬ ಪದ ನಮ್ಮ ಕಿವಿಗೆ ಬೀಳುವುದು ಹೆಚ್ಚಾಗಿ ಬೀಳ್ಕೊಡುಗೆ ಸಮಾರಂಭದಲ್ಲಿ. ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು, 'ನಮ್ಮ ಪ್ರೀತಿಯ ಸಹೋದ್ಯೋಗಿ' ಎಂದು ಮೈಕಿನಲ್ಲಿ ಹೇಳುತ್ತಾರೆ. ನಮ್ಮ ಮನೆಯಲ್ಲಿ ಈ ಪದ ಬಳಕೆಯಲ್ಲಿಲ್ಲ. ಅಮ್ಮಿ ಮದ್ದೂರಿನ ಕಡೆಯ ಒಂದು ಗಾರ್ಮೆಂಟ್ಸ್‌ನಲ್ಲಿ ಟೈಲರ್. ಉರ್ದುವಿನಲ್ಲಿ ಮಾತನಾಡುವಾಗ 'ಹಮಾರಾ ಬ್ಯಾಚ್' ಅನ್ನುತ್ತಾರೆ, ಕನ್ನಡದಲ್ಲಿ 'ನಮ್ ಬ್ಯಾಚ್‌ನೋರು' ಅನ್ನುತ್ತಾರೆ. ಅಷ್ಟೇ.

ಕೆಲಸದ ಜಾಗದಲ್ಲಿ ಒಟ್ಟಿಗೆ ಹಬ್ಬ ಮಾಡುವುದರ ಬಗ್ಗೆ ನನಗೆ ಒಂದು ಅಭಿಪ್ರಾಯವಿದೆ. ಸ್ವೀಟ್ ಹಂಚುವುದು ಸುಲಭ. ಬಿರಿಯಾನಿ ಡಬ್ಬಿ ಕೊಡುವುದೂ ಸುಲಭ, ತಿನ್ನುವುದು ಇನ್ನೂ ಸುಲಭ. ನನ್ನ ಹಬ್ಬದ ದಿನ ನನ್ನ ಕೆಲಸವನ್ನು ಯಾರು ಮಾಡುತ್ತಾರೆ, ಅವರ ಹಬ್ಬದ ದಿನ ಅವರ ಕೆಲಸವನ್ನು ನಾನು ಮಾಡುತ್ತೇನೆಯೇ ಎಂದು ಕೇಳಿದಾಗಲೇ ಒಳ್ಳೆಯ ಸಹೋದ್ಯೋಗಿ ಯಾರು ಎಂದು ಗೊತ್ತಾಗುವುದು.

ಗಾರ್ಮೆಂಟ್ಸ್ ಒಳಗೆ ಹೋಗಿ ನೋಡದವರಿಗೆ ಬ್ಯಾಚ್ ಅಂದರೆ ಏನು ಎಂದು ಹೇಳಬೇಕು. ಒಂದು ಅಂಗಿಯನ್ನು ಅಲ್ಲಿ ಒಬ್ಬರೇ ಹೊಲಿಯುವುದಿಲ್ಲ. ಒಬ್ಬರು ಕಾಲರ್, ಒಬ್ಬರು ಕಫ್, ಒಬ್ಬರು ತೋಳು ಜೋಡಿಸುವುದು, ಇನ್ನೊಬ್ಬರು ಪಕ್ಕದ ಹೊಲಿಗೆ, ಕೊನೆಗೆ ಚೆಕಿಂಗ್. ಪೀಸ್ ಕೈಯಿಂದ ಕೈಗೆ ಸಾಗುತ್ತದೆ. ಗಂಟೆಗೆ ಇಷ್ಟು ಪೀಸ್ ಎಂದು ಟಾರ್ಗೆಟ್ ಇರುತ್ತದೆ, ಬೋರ್ಡಿನ ಮೇಲೆ ಬರೆದಿರುತ್ತಾರೆ. ತೋಳು ಜೋಡಿಸುವವಳು ಆ ದಿನ ಬರದಿದ್ದರೆ ಅವಳ ಮೆಷಿನ್ ಹತ್ತಿರ ಪೀಸ್ ರಾಶಿ ಬೀಳುತ್ತದೆ, ಮುಂದಿನವರು ಸುಮ್ಮನೆ ಕೂರುತ್ತಾರೆ, ಬೈಗುಳ ಮಾತ್ರ ಎಲ್ಲರಿಗೂ. ಅಂದರೆ ಅಲ್ಲಿ ಒಬ್ಬರ ರಜೆ ಎಲ್ಲರ ತಲೆಯ ಮೇಲೆ ಬರುತ್ತದೆ. ಇಂಥ ಕಡೆ ಪಕ್ಕದವಳ ಹಬ್ಬವನ್ನು ಸಂತೋಷದಿಂದ ಒಪ್ಪಿಕೊಳ್ಳುವುದು ಸುಲಭವಲ್ಲ.

ನಮ್ಮ ವ್ಯವಹಾರ ಅಧ್ಯಯನ ಪುಸ್ತಕದಲ್ಲಿ ಹೆನ್ರಿ ಫೇಯೋಲ್ ಹೇಳಿದ 14 ತತ್ವಗಳಿವೆ. ಫ್ರಾನ್ಸಿನ ಗಣಿ ಎಂಜಿನಿಯರ್ ಅವರು. ಕೊನೆಯ ತತ್ವ ಒಗ್ಗಟ್ಟಿನ ಭಾವನೆ. ಮ್ಯಾನೇಜರ್ ಆದವನು 'ನಾನು' ಬಿಟ್ಟು 'ನಾವು' ಎನ್ನಬೇಕು ಎಂದು ಪರೀಕ್ಷೆಯಲ್ಲಿ ಬರೆದರೆ ಅಂಕ ಸಿಗುತ್ತದೆ. ಆದರೆ ಪುಸ್ತಕದಲ್ಲಿ ಇದನ್ನು ಮ್ಯಾನೇಜರ್ ತರಬೇಕಾದ ವಸ್ತು ಎಂಬಂತೆ ಬರೆದಿದ್ದಾರೆ. ಅಮ್ಮಿಯ ಬ್ಯಾಚ್‌ನಲ್ಲಿ ಅದನ್ನು ತಂದವರು ಮ್ಯಾನೇಜರ್ ಅಲ್ಲ. ಪಕ್ಕದ ಮೆಷಿನ್‌ನ ಅಕ್ಕ.

ಅಕ್ಕನ ಹೆಸರು ಇಲ್ಲಿ ಬೇಡ. ಮದ್ದೂರು ತಾಲ್ಲೂಕಿನ ಒಂದು ಹಳ್ಳಿಯವರು, ಅಮ್ಮಿಗಿಂತ ನಾಲ್ಕೈದು ವರ್ಷ ದೊಡ್ಡವರು. ಅಮ್ಮಿಯನ್ನು 'ಬೂಬಮ್ಮ' ಎಂದು ಕರೆಯುತ್ತಾರೆ. ಬೇರೆ ಯಾರಾದರೂ ಹಾಗೆ ಕರೆದರೆ ಅಮ್ಮಿಗೆ ಇಷ್ಟವಾಗುವುದಿಲ್ಲ, ಅಕ್ಕ ಕರೆದರೆ ನಗುತ್ತಾರೆ.

ಈಗ ರಜೆಯ ಲೆಕ್ಕಕ್ಕೆ ಬರುತ್ತೇನೆ, ಕಾಮರ್ಸ್‌ನವಳಲ್ಲವೇ. ಕರ್ನಾಟಕದಲ್ಲಿ ಕಾರ್ಖಾನೆಗಳ ರಾಷ್ಟ್ರೀಯ ಮತ್ತು ಹಬ್ಬದ ರಜೆಗೆ 1963ರ ಒಂದು ಕಾಯ್ದೆ ಇದೆ. ಜನವರಿ 26, ಮೇ 1, ಆಗಸ್ಟ್ 15, ಅಕ್ಟೋಬರ್ 2, ನವೆಂಬರ್ 1. ಈ ಐದು ದಿನ ರಜೆ. ಇದರ ಜೊತೆಗೆ ಹಬ್ಬಗಳಿಗೆಂದು ವರ್ಷಕ್ಕೆ ಐದು ದಿನ. ಐದೇ! ನಮ್ಮ ದೇಶದಲ್ಲಿ ಐದು ಹಬ್ಬ ಆರಿಸುವುದು ಎಂದರೆ ಹುಡುಗಾಟವಲ್ಲ. ಸಂಕ್ರಾಂತಿ, ಯುಗಾದಿ, ಗಣೇಶ, ಆಯುಧ ಪೂಜೆ, ದೀಪಾವಳಿ ಎನ್ನುವಷ್ಟರಲ್ಲಿ ಬೆರಳು ಮುಗಿಯುತ್ತವೆ. ಅಮ್ಮಿಯ ಕಾರ್ಖಾನೆಯ ಪಟ್ಟಿಯಲ್ಲಿ ರಂಜಾನ್ ಇಲ್ಲ. ಬ್ಯಾಚ್‌ನಲ್ಲಿ ಸುಮಾರು 35 ಜನ, ನಮ್ಮವರು ನಾಲ್ಕು ಜನ. ಪ್ರತಿ ವರ್ಷ ಆ ನಾಲ್ವರೂ ಒಬ್ಬೊಬ್ಬರಾಗಿ ಹೋಗಿ ರಜೆ ಕೇಳಬೇಕು. ಸೂಪರ್‌ವೈಸರ್ ಕೇಳುವ ಮೊದಲ ಪ್ರಶ್ನೆ 'ಯಾವತ್ತಮ್ಮ ಹಬ್ಬ?' ಅದಕ್ಕೆ ಅಮ್ಮಿಯ ಉತ್ತರ 'ಚಂದ್ರ ಕಂಡ್ರೆ ನಾಳೆ ಸರ್, ಇಲ್ಲಾಂದ್ರೆ ನಾಡಿದ್ದು.' 'ನಿಮ್ ಹಬ್ಬಕ್ಕೆ ಡೇಟೇ ಇಲ್ವಲ್ಲಮ್ಮ' ಎಂದು ಅವರು ರೇಗುತ್ತಿದ್ದರು. ಅವರ ಕಷ್ಟವೂ ಸುಳ್ಳಲ್ಲ. ಟಾರ್ಗೆಟ್ ಅವರ ಕುತ್ತಿಗೆಯ ಮೇಲೂ ಇರುತ್ತದೆ.

ಈ ವರ್ಷ ಮಾರ್ಚ್‌ನಲ್ಲಿ ಕ್ಯಾಲೆಂಡರ್ ಒಂದು ತಮಾಷೆ ಮಾಡಿತು. 2025ರ ಯುಗಾದಿ ಮಾರ್ಚ್ 30, ಭಾನುವಾರ. ಅಂದರೆ ಪಟ್ಟಿಯಲ್ಲಿದ್ದ ರಜೆ ವಾರದ ರಜೆಯ ಮೇಲೆ ಬಿದ್ದು ಹೋಯಿತು. ಮರುದಿನ 31, ಸೋಮವಾರ, ಹೊಸತೊಡಕು. ಮಂಡ್ಯದ ಓದುಗರಿಗೆ ಹೊಸತೊಡಕು ಎಂದರೇನು ಎಂದು ವಿವರಿಸಿದರೆ ನಗುತ್ತಾರೆ. ಯುಗಾದಿಯ ದಿನ ಹೋಳಿಗೆ, ಮರುದಿನ ಬಾಡು. ಹಳ್ಳಿಗಳಲ್ಲಿ ವರ್ಷವಿಡೀ ಚೀಟಿ ಕಟ್ಟಿ, ಆ ದುಡ್ಡಿನಲ್ಲಿ ಮರಿ ತಂದು, ಗುಡ್ಡೆ ಹಾಕಿ ಹಂಚಿಕೊಳ್ಳುತ್ತಾರೆ. ಅಕ್ಕನ ಊರಲ್ಲೂ ಗುಡ್ಡೆ ಮಾಂಸದ ಚೀಟಿ ಇದೆ. ಅದೇ 31ರಂದು ನಮ್ಮ ರಂಜಾನ್ ಹಬ್ಬವೂ ಬರುವ ಸೂಚನೆ ಇತ್ತು. ಒಂದೇ ಸೋಮವಾರ ನಾಲ್ವರಿಗೆ ಶೀರ್ ಖುರ್ಮಾ, ಉಳಿದವರಲ್ಲಿ ಬಹುಪಾಲಿಗೆ ಬಾಡೂಟ, ಕಾರ್ಖಾನೆಗೆ ಮಾತ್ರ ಮಾಮೂಲಿ ಕೆಲಸದ ದಿನ.

ಮೊದಲು ಎಲ್ಲರೂ ತಮ್ಮ ತಮ್ಮ ರಜೆಯ ಚಿಂತೆಯಲ್ಲೇ ಇದ್ದರಂತೆ. ನಾಲ್ಕು ಜನರಿಗೆ ಕೊಟ್ಟರೆ ನಮಗೆ ಸಿಗುವುದಿಲ್ಲ ಎಂದು ಕೆಲವರು, ಮೂವತ್ತು ಜನ ಕೇಳಿದರೆ ನಮ್ಮ ನಾಲ್ವರನ್ನು ಯಾರು ಕೇಳುತ್ತಾರೆ ಎಂದು ನಮ್ಮವರು. ಊಟದ ಹೊತ್ತಿನಲ್ಲಿ ಅಕ್ಕ ಹೇಳಿದ ಮಾತು ಇದು: 'ಒಬ್ಬೊಬ್ರೇ ಯಾಕ್ ಹೋಗೀರಿ? ಬನ್ನಿ ಒಟ್ಗೆ ಹೋಗ್ ಕೇಳನ.' ಹಿಂದಿನ ಭಾನುವಾರ, 23ರಂದು, ಎಲ್ಲರೂ ಬಂದು ಕೆಲಸ ಮಾಡುತ್ತೇವೆ, 31ರಂದು ಬ್ಯಾಚ್ ಪೂರ್ತಿ ರಜೆ ಕೊಡಿ ಎಂದು ಒಂದು ಅರ್ಜಿ ಬರೆದರು. ಕನ್ನಡದಲ್ಲಿ ಬರೆದುಕೊಟ್ಟದ್ದು ನಾನು, ಅದು ನನ್ನ ಹೆಮ್ಮೆ. 35 ಸಹಿ. ಎರಡು ಹೆಬ್ಬೆಟ್ಟು ಸೇರಿ.

ಮೊದಲ ದಿನ ಆಗಲ್ಲ ಎಂದರು. ಎರಡನೆಯ ದಿನ ಪಕ್ಕದ ಬ್ಯಾಚ್‌ನವರೂ ಅದೇ ರೀತಿ ಬರೆದುಕೊಟ್ಟರು. ಮೂರನೆಯ ದಿನ ನೋಟಿಸ್ ಬೋರ್ಡಿಗೆ ಹಾಳೆ ಅಂಟಿಸಿದರು: 23 ಕೆಲಸ, 31 ರಜೆ. ಅಮ್ಮಿಗೆ ಇನ್ನೂ ಒಂದು ಅಳುಕು ಇತ್ತು. 30ರ ಸಂಜೆ ಚಂದ್ರ ಕಾಣದಿದ್ದರೆ ಹಬ್ಬ ಮಂಗಳವಾರಕ್ಕೆ ಹೋಗುತ್ತದಲ್ಲ? 'ಹೋದ್ರೆ ಹೋಗ್ಲಿ ಬೂಬಮ್ಮ, ಮಂಗಳ್ವಾರ ನಿನ್ ಮೆಷಿನ್ ನಾನ್ ನೋಡ್ಕತೀನಿ' ಎಂದರಂತೆ ಅಕ್ಕ. ಎರಡು ಮೆಷಿನ್ ನೋಡಿಕೊಳ್ಳುವುದು ಎಂದರೆ ಊಟದ ಅರ್ಧ ಗಂಟೆಯನ್ನೂ ಬಿಡಬೇಕು. ಹೇಳಿದಷ್ಟು ಹಗುರವಲ್ಲ ಅದು.

30ರ ಸಂಜೆ ನಾವು ಗುತ್ತಲಿನ ನಮ್ಮ ಮನೆಯ ತಾರಸಿಯ ಮೇಲೆ ನಿಂತು ಪಶ್ಚಿಮಕ್ಕೆ ನೋಡುತ್ತಿದ್ದೆವು. ಅಕ್ಕನ ಊರಲ್ಲಿ ಅವರೂ ನೋಡುತ್ತಿದ್ದರು. ಯುಗಾದಿಯ ಚಂದ್ರನನ್ನು ನೋಡಿ ದೊಡ್ಡವರ ಕಾಲಿಗೆ ನಮಸ್ಕಾರ ಮಾಡುವ ಪದ್ಧತಿ ಅವರದು. ಎರಡೂ ಮನೆಯವರು ಹುಡುಕುತ್ತಿದ್ದದ್ದು ಒಂದೇ ಚಂದ್ರನನ್ನು ಎಂದು ನನಗೆ ಆವತ್ತೇ ಹೊಳೆದದ್ದು. ಫೋನ್ ಬಂತು. 'ಕಂಡ್ತಾ?' 'ಕಂಡ್ತು ಅಕ್ಕ.' ನಮಗೂ ಹಬ್ಬ ಸೋಮವಾರವೇ ಆಯಿತು.

ಇದು ಬಿರಿಯಾನಿ ಹಂಚಿಕೊಂಡ ಕಥೆಗಿಂತ ಬೇರೆ. (ಬಿರಿಯಾನಿಯನ್ನೂ ಹಂಚಿದೆವು. ಮಂಗಳವಾರ ಅಮ್ಮಿ ಒಯ್ದ ಡಬ್ಬಿಗೆ ಪ್ರತಿಯಾಗಿ ನಾಲ್ಕು ಹೋಳಿಗೆ ಬಂತು, ಎರಡು ದಿನದ್ದಾದರೂ ಚೆನ್ನಾಗಿತ್ತು.) ಅವರು ಒಂದು ರಜೆಯನ್ನು ಒಟ್ಟಿಗೆ ಕೇಳಿ, ಅದಕ್ಕೆ ಒಂದು ಭಾನುವಾರವನ್ನು ಒಟ್ಟಿಗೆ ಕೊಟ್ಟು ತೆಗೆದುಕೊಂಡರು. 2022ರಲ್ಲಿ ಇದೇ ಹೊಸತೊಡಕಿನ ಹೊತ್ತಿಗೆ ಹಲಾಲ್ ಮಾಂಸ ಕೊಳ್ಳಬೇಡಿ ಎಂಬ ಪ್ರಚಾರ ರಾಜ್ಯದಲ್ಲೆಲ್ಲ ಜೋರಾಗಿತ್ತು. ಅದು ನೆನಪಿರುವವರಿಗೆ ಈ 35 ಸಹಿಯ ಬೆಲೆ ಗೊತ್ತಾಗುತ್ತದೆ.

ರೋಜಾ ದಿನಗಳ ಬಸ್ಸಿನ ಬಗ್ಗೆ ಹೇಳದಿದ್ದರೆ ಅಮ್ಮಿ ಬೇಸರ ಮಾಡಿಕೊಳ್ಳುತ್ತಾರೆ. ಮಾರ್ಚ್‌ನಲ್ಲಿ ನಮ್ಮಲ್ಲಿ ಸೂರ್ಯ ಮುಳುಗುವುದು ಆರೂವರೆಯ ಆಸುಪಾಸು, ಆ ಹೊತ್ತಿಗೆ ಕಾರ್ಖಾನೆಯ ಬಸ್ಸು ದಾರಿಯಲ್ಲಿರುತ್ತದೆ. ನಾಲ್ವರ ಖರ್ಜೂರ ಸೀಟಿನಿಂದ ಸೀಟಿಗೆ ಹೋಗುತ್ತದೆ, ಆ ಕಡೆಯಿಂದ ಬಾಳೆಹಣ್ಣು, ಚಕ್ಕುಲಿ ಬರುತ್ತದೆ. ರೋಜಾ ಇಲ್ಲದವರೂ 'ಟೈಮ್ ಆಯ್ತಾ?' ಎಂದು ಕಾದು ಆಮೇಲೆ ತಿನ್ನುತ್ತಾರಂತೆ.

ಇನ್ನು ಆಯುಧ ಪೂಜೆ. ನಮ್ಮಲ್ಲಿ ಹಲವರು ಕೇಳುವ ಪ್ರಶ್ನೆ ಇದು: ನಾಳೆ ನಾವು ಶೋರೂಮಿಗೋ ಬ್ಯಾಂಕಿಗೋ ಆಡಿಟರ್ ಆಫೀಸಿಗೋ ಕೆಲಸಕ್ಕೆ ಸೇರಿದರೆ ಆ ದಿನ ಏನು ಮಾಡಬೇಕು? ಧರ್ಮದ ಮಾತನ್ನು ತಿಳಿದವರು ಹೇಳಲಿ, ನಾನು ಕಂಡದ್ದನ್ನು ಹೇಳುತ್ತೇನೆ. ಈ ಸಲ ಅಕ್ಟೋಬರ್ 1ರಂದು ಆಯುಧ ಪೂಜೆ. (ಮರುದಿನ ವಿಜಯದಶಮಿ ಗಾಂಧಿ ಜಯಂತಿಯ ಮೇಲೆಯೇ ಬಿದ್ದು ಇನ್ನೊಂದು ರಜೆ ಹೋಯಿತು. 2025 ಕಾರ್ಮಿಕರಿಗೆ ಒಳ್ಳೆಯ ವರ್ಷವಲ್ಲ.) ಅಮ್ಮಿ ತನ್ನ ಮೆಷಿನ್ ಒರೆಸಿ ಎಣ್ಣೆ ಬಿಟ್ಟರು. ಇಡೀ ಬ್ಯಾಚ್‌ಗೆ ಸೇವಂತಿಗೆ ಹೂ ಕಟ್ಟಿದ್ದು ಅವರೇ, ಅವರಷ್ಟು ಬೇಗ ಕಟ್ಟುವವರು ಅಲ್ಲಿ ಇಲ್ಲ. ಕುಂಕುಮದ ತಟ್ಟೆ ಬಂದಾಗ ಅಕ್ಕ ಅಮ್ಮಿಯ ಮೆಷಿನ್‌ಗೆ ತಾವೇ ಇಟ್ಟು ಮುಂದಕ್ಕೆ ಹೋದರು. ಯಾರೂ ಏನೂ ಕೇಳಲಿಲ್ಲ, ಯಾರೂ ಏನೂ ಹೇಳಲಿಲ್ಲ. ಸಂಜೆ ನಮ್ಮ ಮನೆಗೆ ಕಡಲೆಪುರಿ ಬಂತು. ಜೊತೆಗಿದ್ದು ತನ್ನತನ ಉಳಿಸಿಕೊಳ್ಳಲು ಇಷ್ಟು ಜಾಗ ಬಿಡುವವರು ಇದ್ದರೆ ಸಾಕು.

ಮಂಡ್ಯಕ್ಕೆ ಇದೇನು ಹೊಸದಲ್ಲ. ನಾಲ್ವಡಿ ಕೃಷ್ಣರಾಜ ಒಡೆಯರ್ ಮತ್ತು ಸರ್ ಮಿರ್ಜಾ ಇಸ್ಮಾಯಿಲ್ ಒಂದೇ ತರಗತಿಯಲ್ಲಿ ಓದಿದವರು. 1926ರಲ್ಲಿ ಮಿರ್ಜಾ ಅವರು ದಿವಾನರಾದರು. ನಮ್ಮ ಮೈಷುಗರ್ ಕಾರ್ಖಾನೆ 1933ರಲ್ಲಿ ಆರಂಭವಾದದ್ದು, ಮಂಡ್ಯ ಜಿಲ್ಲೆಯಾದದ್ದು 1939ರಲ್ಲಿ, ಎರಡೂ ಅವರ ಕಾಲದಲ್ಲೇ. ಅರಸರ ದಸರಾ ದಿವಾನರಿಗೂ ಕೆಲಸದ ಭಾಗವೇ ಆಗಿತ್ತು.

ಕಾರ್ಖಾನೆಯವರೇ ಮಾಡುವ ಆಚರಣೆಗಳ ಬಗ್ಗೆ ಮಾತ್ರ ನನಗೆ ಅಷ್ಟು ಒಳ್ಳೆಯ ಅಭಿಪ್ರಾಯವಿಲ್ಲ. ಮಹಿಳಾ ದಿನಾಚರಣೆಗೆ ಒಂದು ಗುಲಾಬಿ, ಒಂದು ಕೇಕ್, ಒಂದು ಫೋಟೋ, ಆಮೇಲೆ ಆ ಅರ್ಧ ಗಂಟೆಯ ಟಾರ್ಗೆಟ್ ಅನ್ನು ಸಂಜೆಯೊಳಗೆ ಮುಗಿಸಬೇಕು. ಇನ್ನೊಂದು ವಿಷಯ. ದೀಪಾವಳಿಗೆ ಸ್ವೀಟ್ ಬಾಕ್ಸ್ ಕೊಡುವಾಗ ಹೆಸರು ಕರೆಯುತ್ತಾರೆ. ಕಸ ಗುಡಿಸುವ, ಶೌಚಾಲಯ ತೊಳೆಯುವ ಹೆಂಗಸರು ಗುತ್ತಿಗೆಯವರು, ಅವರ ಹೆಸರು ಆ ಪಟ್ಟಿಯಲ್ಲಿ ಇರುವುದಿಲ್ಲ. ಲೆಕ್ಕಪತ್ರದಲ್ಲಿ ಇದು ಸಿಬ್ಬಂದಿ ಕಲ್ಯಾಣದ ಖರ್ಚು, ಅವರು ಸಿಬ್ಬಂದಿಯಲ್ಲ. ಅಮ್ಮಿಯ ಬ್ಯಾಚ್‌ನವರು ಎರಡು ವರ್ಷದಿಂದ ತಲಾ ಒಂದು ತುಂಡು ತೆಗೆದು ಬೇರೆ ಡಬ್ಬಿ ಮಾಡಿ ಕೊಡುತ್ತಿದ್ದಾರೆ. ಕೊಡುವುದು ಸರಿ. ಆದರೆ ಪಟ್ಟಿಗೇ ಆ ಹೆಸರುಗಳು ಸೇರುವಂತೆ ಇನ್ನೊಂದು ಅರ್ಜಿ ಬರೆಯಬೇಕು ಎಂದು ನಾನು ಅಮ್ಮಿಗೆ ಹೇಳುತ್ತಲೇ ಇದ್ದೇನೆ.

ಈ ಸೆಪ್ಟೆಂಬರ್‌ನಲ್ಲಿ ಗಣೇಶ ಮೆರವಣಿಗೆಯ ಹೊತ್ತಿಗೆ ಮದ್ದೂರಿನಲ್ಲಿ ಏನಾಯಿತು ಎಂಬುದು ಎಲ್ಲರಿಗೂ ಗೊತ್ತು. ಟೀವಿ ನೋಡಿ ಅಬ್ಬಾ ಅಮ್ಮಿಗೆ ಸ್ವಲ್ಪ ದಿನ ಹೋಗಬೇಡ ಎಂದರು. ರಾತ್ರಿ ಅಕ್ಕನ ಫೋನ್ ಬಂತು, ಸ್ಪೀಕರ್‌ನಲ್ಲಿ ನಾವೆಲ್ಲ ಕೇಳಿದೆವು. ಗಲಾಟೆಯ ಬಗ್ಗೆ ಅವರು ಒಂದು ಮಾತೂ ಆಡಲಿಲ್ಲ. 'ಬಸ್ ಬಿಟ್ ಮೇಲೆ ಬಾ. ಕಿಟ್ಕಿ ಪಕ್ಕ ನಾನ್ ಕೂರ್ತೀನಿ, ನೀನ್ ಈಚೆ ಕೂತ್ಕೊ.' ಅಬ್ಬಾ ಆಮೇಲೆ ಏನೂ ಹೇಳಲಿಲ್ಲ. ಬಸ್ಸು ಬಂದ ದಿನ ಅಮ್ಮಿ ಹೋದರು.

ಮುಂದಿನ ಮಾರ್ಚ್‌ನಲ್ಲೂ ಯುಗಾದಿ ಮತ್ತು ರಂಜಾನ್ ಹತ್ತಿರ ಹತ್ತಿರವೇ ಬರುತ್ತವೆ. ಆಮೇಲೆ ದೂರವಾಗುತ್ತವೆ, ಏಕೆಂದರೆ ನಮ್ಮ ಹಬ್ಬ ವರ್ಷಕ್ಕೆ ಸುಮಾರು 11 ದಿನ ಹಿಂದಕ್ಕೆ ಸರಿಯುತ್ತದೆ, ಯುಗಾದಿ ಅಧಿಕ ಮಾಸದಿಂದ ಮತ್ತೆ ತನ್ನ ಜಾಗಕ್ಕೆ ಬರುತ್ತದೆ. 2027ರಲ್ಲಿ ಯುಗಾದಿ ಏಪ್ರಿಲ್‌ನಲ್ಲಿ, ರಂಜಾನ್ ಮಾರ್ಚ್‌ನಲ್ಲಿ. ಆಗ ಅರ್ಜಿಯಲ್ಲಿ ನಾಲ್ಕೇ ಜನರ ಹಬ್ಬ ಇರುತ್ತದೆ. ಉಳಿದ 31 ಜನ ಆಗಲೂ ಸಹಿ ಹಾಕುತ್ತಾರೆಯೇ? ಹಾಕುತ್ತಾರೆ ಎಂದು ಅಮ್ಮಿ ಹೇಳುತ್ತಾರೆ. ನಾನು ಕೇಳಿದ್ದು ಬೇರೆ: ಅವರ ಊರ ಹಬ್ಬಗಳಿಗೆ ನೀವು ನಾಲ್ವರು ಸಹಿ ಹಾಕಿದ್ದೀರಾ?

ಈ ಪ್ರಶ್ನೆ ನಮ್ಮ ಕಾಲೇಜಿಗೂ ಇದೆ. ಇಲ್ಲಿ ನಾವು ಹೆಚ್ಚು ಜನ, ನಮ್ಮ ಉಪನ್ಯಾಸಕರಲ್ಲಿ, ಕಚೇರಿಯಲ್ಲಿ, ಗೇಟಿನಲ್ಲಿ ಇರುವ ಹಿಂದೂ ಸಿಬ್ಬಂದಿ ಕಡಿಮೆ. ಅಮ್ಮಿಯ ಕಾರ್ಖಾನೆಯಲ್ಲಿ ಅಕ್ಕ ಇರುವ ಜಾಗದಲ್ಲಿ ಇಲ್ಲಿ ನಾವಿದ್ದೇವೆ. ರಂಜಾನ್ ತಿಂಗಳಲ್ಲಿ ನಮಗಾಗಿ ಎಷ್ಟು ಹೊಂದಿಸಿಕೊಳ್ಳುತ್ತಾರೆ ಎಂಬುದು ನಮಗೆ ಕಾಣುತ್ತದೆ. ಅವರ ಊರ ಮಾರಿಹಬ್ಬ ಯಾವಾಗ, ಗೌರಿ ಹಬ್ಬದ ದಿನ ಯಾರಿಗೆ ಬೇಗ ಮನೆಗೆ ಹೋಗಬೇಕು ಎಂಬುದು ನಮ್ಮಲ್ಲಿ ಎಷ್ಟು ಜನರಿಗೆ ಗೊತ್ತು? ಸ್ಟಾಫ್ ರೂಮಿನ ಕ್ಯಾಲೆಂಡರ್‌ನಲ್ಲಿ ಎಲ್ಲರೂ ತಮಗೆ ಮುಖ್ಯವಾದ ಎರಡು ದಿನಗಳನ್ನು ಬರೆಯಲಿ, ಪಕ್ಕದಲ್ಲಿ ಆ ದಿನದ ಕೆಲಸ ವಹಿಸಿಕೊಳ್ಳುವವರ ಹೆಸರೂ ಇರಲಿ ಎಂದು ಪ್ರಾಂಶುಪಾಲರಲ್ಲಿ ನನ್ನ ವಿನಂತಿ. ಆಯಾ ಮತ್ತು ವಾಚ್‌ಮನ್ ಅವರ ಹೆಸರಿನಿಂದ ಶುರುವಾಗಲಿ. ಗೇಟಿನ ಹತ್ತಿರ ಒಂದು ದಿನ ನಿಲ್ಲಲು ದ್ವಿತೀಯ ಪಿಯು ಕಾಮರ್ಸ್‌ನ ನಾವು ಆರು ಜನ ಆಗಲೇ ಒಪ್ಪಿದ್ದೇವೆ.

ಅಂದ ಹಾಗೆ, ನನ್ನ ಪ್ರಶ್ನೆಗೆ ಅಮ್ಮಿ ಬಾಯಲ್ಲಿ ಉತ್ತರ ಕೊಡಲಿಲ್ಲ. ಎದ್ದು ಹೋಗಿ ಅಡುಗೆ ಮನೆಯ ಕ್ಯಾಲೆಂಡರ್ ತೆಗೆದುಕೊಂಡು ಬಂದರು. ಅಕ್ಕನ ಊರಿನ ಹಬ್ಬದ ಮಂಗಳವಾರಕ್ಕೆ ಪೆನ್ನಿನಲ್ಲಿ ಸುತ್ತು ಹಾಕಿ, ಪಕ್ಕದಲ್ಲಿ ಉರ್ದುವಿನಲ್ಲಿ 'ದೋ ಮೆಷೀನ್' ಎಂದು ಬರೆದಿದ್ದರು.