ಕುರುಡುಮಲೆಗೆ ಬಂದವರು ಯಾಕೆ ನಿಲ್ಲುವುದಿಲ್ಲ?

ಕೋಲಾರ ಸೀಮೆಯಿಂದ ಯುರೋಪ್ ನೋಡಿ ಬರುವ ದಂಪತಿಗಳು ಈಗ ಅಪರೂಪದವರಲ್ಲ. ನಿವೃತ್ತಿಯ ಹಣ ಕೈಗೆ ಬಂದ ಮೇಷ್ಟ್ರು ಮತ್ತು ಅವರ ಹೆಂಡತಿ, ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಮಗ ಟಿಕೆಟ್ ಮಾಡಿಸಿಕೊಟ್ಟ ಅಪ್ಪ-ಅಮ್ಮ, ಮದುವೆಯಾಗಿ ವರ್ಷ ತುಂಬದ ಜೋಡಿ, ಹೀಗೆ ಮಾಲೂರು, ಶ್ರೀನಿವಾಸಪುರದಂಥ ಊರುಗಳಿಂದಲೂ ಜನ ಹೊರಡುತ್ತಾರೆ. ಷೆಂಗೆನ್ ವೀಸಾದ ಶುಲ್ಕ 2024ರ ಜೂನ್‌ನಲ್ಲಿ 80 ಯೂರೊದಿಂದ 90 ಯೂರೊಗೆ ಏರಿತು. ಅದರಿಂದ ಯಾರೂ ಹಿಂದೆ ಸರಿದಂತೆ ಕಾಣುವುದಿಲ್ಲ. ಸೂಟ್‌ಕೇಸಿನ ಒಂದು ಮೂಲೆಯಲ್ಲಿ ಚಟ್ನಿಪುಡಿ, ಗೊಜ್ಜವಲಕ್ಕಿ, ಕೋಡುಬಳೆ. ಕೈಯಲ್ಲಿ ಟೂರ್ ಕಂಪನಿ ಕೊಟ್ಟ ದಿನಚರಿ: ಲಂಡನ್, ಪ್ಯಾರಿಸ್, ಬ್ರಸೆಲ್ಸ್, ಆಮ್‌ಸ್ಟರ್‌ಡಾಮ್, ಟಿಟ್ಲಿಸ್ ಹಿಮಶಿಖರ, ಇನ್ಸ್‌ಬ್ರುಕ್, ವೆನಿಸ್, ಪೀಸಾ, ರೋಮ್. ಹತ್ತು-ಹನ್ನೆರಡು ದಿನದಲ್ಲಿ ಇಷ್ಟೂ ಮುಗಿಯಬೇಕು.

ಮುಗಿಯುತ್ತದೆ ಕೂಡ. ದಿನಚರಿಯಲ್ಲಿ ‘ಪನೋರಮಿಕ್ ಟೂರ್’ ಎಂದಿದ್ದರೆ ಬಸ್ಸು ನಿಲ್ಲುವುದಿಲ್ಲ, ಕಿಟಕಿಯಿಂದಲೇ ನೋಡಬೇಕು ಎಂದರ್ಥ. ‘ಫೋಟೊ ಸ್ಟಾಪ್’ ಎಂದಿದ್ದರೆ ಇಳಿದು, ಯಜಮಾನರನ್ನು ಗೋಪುರದ ಮುಂದೆ ನಿಲ್ಲಿಸಿ, ಕ್ಲಿಕ್ಕಿಸಿ, ಓಡಿ ಬಂದು ಹತ್ತಬೇಕು. ‘ವೆನಿಸ್‌ನಲ್ಲಿ ರಾತ್ರಿ’ ಎಂದಿದ್ದರೂ ಹೋಟೆಲು ಬಹಳ ಸಲ ನೀರಿನ ಆಚೆ ದಡದ ಮೆಸ್ತ್ರೆಯಲ್ಲೋ ಇನ್ನೂ ದೂರದ ಪಾದುವಾದಲ್ಲೋ ಇರುತ್ತದೆ. ಊಟಕ್ಕೆ ಭಾರತೀಯ ರೆಸ್ಟೊರೆಂಟಿನ ದಾಲ್, ಜೀರಾ ರೈಸ್. ಊರಿಗೆ ಬಂದ ಮೇಲೆ ಎಲ್ಲರ ಬಾಯಲ್ಲೂ ಒಂದೇ ಮಾತು: ಏನು ಚೆನ್ನಾಗಿ ಇಟ್ಟುಕೊಂಡಿದ್ದಾರೆ ರೀ!

ಅದೇ ಸೀಮೆಯ ಜನ ಯಾವುದೇ ಹೊಸ ಕೆಲಸಕ್ಕೆ ಕೈ ಹಾಕುವ ಮುನ್ನ ಹೋಗಿ ಬರುವ ಜಾಗ ಕುರುಡುಮಲೆ. ಮುಳಬಾಗಿಲಿನಿಂದ ಸುಮಾರು 10 ಕಿಲೋಮೀಟರ್. ಏಕಶಿಲೆಯಲ್ಲಿ ಕಡೆದ 13.5 ಅಡಿಯ ಗಣಪತಿ, ತ್ರಿಮೂರ್ತಿಗಳೇ ಪ್ರತಿಷ್ಠಾಪಿಸಿದ್ದು ಎಂಬ ನಂಬಿಕೆ. ಗಾಡಿ ಪೂಜೆ, ಮದುವೆಯ ಮೊದಲ ಲಗ್ನಪತ್ರಿಕೆ, ಅಂಗಡಿಯ ಬೀಗದ ಕೈ, ಎಲ್ಲಕ್ಕೂ ಮೊದಲು ಈ ಗಣಪನ ಪಾದ. ರಾಜಕಾರಣಿಗಳಂತೂ ಈ ವಾಡಿಕೆಯನ್ನು ಬಿಟ್ಟಿದ್ದೇ ಇಲ್ಲ. 1999ರಲ್ಲಿ ಎಸ್.ಎಂ. ಕೃಷ್ಣ ಅವರ ಪಾಂಚಜನ್ಯ ಯಾತ್ರೆ ಹೊರಟಿದ್ದು ಇಲ್ಲಿಂದ. ಆ ವರ್ಷವೇ ಅವರು ಮುಖ್ಯಮಂತ್ರಿಯಾದರು. 2023ರ ಫೆಬ್ರುವರಿಯಲ್ಲಿ ಡಿ.ಕೆ. ಶಿವಕುಮಾರ್ ಪ್ರಜಾಧ್ವನಿ ಯಾತ್ರೆಯ ಬಸ್ಸು ಹತ್ತಿದ್ದೂ ಇಲ್ಲಿಯೇ ಪೂಜೆ ಮಾಡಿಸಿ. ಹೂವಿನ ಹಾರ, ಜೈಕಾರ, ಟಿವಿ ಕ್ಯಾಮೆರಾ. ಆಮೇಲೆ ಬಸ್ಸು ಹೊರಟಿತು.

ಎಲ್ಲರ ಬಸ್ಸೂ ಹಾಗೆ ಹೊರಡುತ್ತದೆ. ಕುರುಡುಮಲೆಯ ಕಷ್ಟ ಇರುವುದು ಇಲ್ಲಿ. ಜನ ಬರುವುದಿಲ್ಲ ಎಂಬ ದೂರಿಗೆ ಆಧಾರವಿಲ್ಲ. ಭಾನುವಾರವೂ ಸಂಕಷ್ಟಿಯ ದಿನವೂ ದೇವಸ್ಥಾನದ ಮುಂದೆ ಕಾರುಗಳ ಸಾಲು ನೋಡಿದರೆ ಗೊತ್ತಾಗುತ್ತದೆ. ಬಂದವರು ನಿಲ್ಲುವುದಿಲ್ಲ, ಅಷ್ಟೇ. ಬೆಂಗಳೂರಿನಿಂದ 100 ಕಿಲೋಮೀಟರ್ ಓಡಿಸಿಕೊಂಡು ಬಂದ ಜೋಡಿ ಅರ್ಧ ಗಂಟೆಯಲ್ಲಿ ಮಂಗಳಾರತಿ ತೆಗೆದುಕೊಂಡು ಮತ್ತೆ ಹೆದ್ದಾರಿ ಹಿಡಿಯುತ್ತದೆ. ಊರಿಗೆ ಉಳಿಯುವುದು ಒಂದಷ್ಟು ಹೂಕಾಯಿ ವ್ಯಾಪಾರ, ಒಂದಷ್ಟು ಪ್ಲಾಸ್ಟಿಕ್ ಬಾಟಲಿ.

ವೆನಿಸ್ ಇದೇ ರೋಗಕ್ಕೆ ಔಷಧಿ ಹುಡುಕುತ್ತಿದೆ ಎಂದರೆ ನಗು ಬರಬಹುದು. 2024ರ ಏಪ್ರಿಲ್ 25ರಿಂದ ಆ ಊರು ಜನಜಂಗುಳಿಯ ದಿನಗಳಲ್ಲಿ ಪ್ರವೇಶಕ್ಕೆ 5 ಯೂರೊ ವಸೂಲಿ ಮಾಡತೊಡಗಿತು; ಮರುವರ್ಷ, ಕೊನೆ ಗಳಿಗೆಯಲ್ಲಿ ಬುಕ್ ಮಾಡುವವರಿಗೆ ಅದನ್ನು 10 ಯೂರೊ ಮಾಡಿತು. ಸುದ್ದಿ ಓದಿದ ಹಲವರು ಇದನ್ನು ಪ್ರವಾಸಿಗರ ಮೇಲಿನ ದಂಡ ಎಂದುಕೊಂಡರು. ಆದರೆ ಅಲ್ಲಿನ ಹೋಟೆಲಿನಲ್ಲಿ ರಾತ್ರಿ ಉಳಿಯುವವರಿಗೆ ಈ ಶುಲ್ಕವಿಲ್ಲ. ಅವರು ಹೇಗೂ ಹೋಟೆಲ್ ಬಿಲ್ಲಿನಲ್ಲೇ ಪ್ರವಾಸಿ ತೆರಿಗೆ ಕಟ್ಟಿರುತ್ತಾರೆ. ಬೆಳಗ್ಗೆ ಬಂದು, ಸೇತುವೆಯ ಮೇಲೆ ಫೋಟೊ ತೆಗೆಸಿಕೊಂಡು, ಸಂಜೆಗೆ ಹೊರಟುಹೋಗುವವರ ಮೇಲಷ್ಟೇ ಅದರ ಕಣ್ಣು. 1951ರಲ್ಲಿ ಸುಮಾರು 1,75,000 ಜನ ವಾಸವಿದ್ದ ವೆನಿಸ್‌ನ ಹಳೆಯ ಊರಿನಲ್ಲಿ ಈಗ 50 ಸಾವಿರವೂ ಇಲ್ಲ. ಆಸ್ಟ್ರಿಯದ ಹಾಲ್‌ಷ್ಟಟ್ ಎಂಬ ಸರೋವರದ ಹಳ್ಳಿಯಲ್ಲಿ ಇರುವವರು ಸಾವಿರಕ್ಕಿಂತ ಕಡಿಮೆ, ಸೀಸನ್ನಿನಲ್ಲಿ ದಿನಕ್ಕೆ ಬರುವವರು ಹತ್ತು ಸಾವಿರದವರೆಗೆ. ಸೆಲ್ಫಿಯವರ ಕಾಟ ತಾಳದೆ 2023ರಲ್ಲಿ ಅಲ್ಲಿ ಸರೋವರ ಕಾಣದಂತೆ ಮರದ ಬೇಲಿಯನ್ನೇ ಹಾಕಿದರು. ಗಲಾಟೆಯಾದ ಮೇಲೆ ತೆಗೆದರು.

ಅಂದರೆ ವೆನಿಸ್‌ಗೆ ಹೋದ ನಮ್ಮ ದಂಪತಿ ಅಲ್ಲಿಯೂ ಕುರುಡುಮಲೆಯ ಅರ್ಧ ಗಂಟೆಯನ್ನೇ ಕಳೆದು ಬಂದಿದ್ದಾರೆ. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆ ಹೇಳಿ ಅವರನ್ನು ಬೈಯುವುದು ಸುಲಭ, ಆದರೆ ಅನ್ಯಾಯ. ಲಕ್ಷಾಂತರ ರೂಪಾಯಿ ಕೊಟ್ಟವರಿಗೂ ನಿಂತು ನೋಡುವ ಪುರುಸೊತ್ತು ಸಿಗಲಿಲ್ಲ. ಕುರುಡುಮಲೆಯಲ್ಲಿ ಪುರುಸೊತ್ತು ಬೇಕಾದಷ್ಟಿದೆ. ನಿಲ್ಲಲು ಕಾರಣವನ್ನು ಯಾರೂ ಹೇಳುವುದಿಲ್ಲ.

ಆ ಕಾರಣ ಗಣಪತಿ ಗುಡಿಯಿಂದ ನಡೆದೇ ಹೋಗುವಷ್ಟು ಹತ್ತಿರದಲ್ಲಿದೆ. ಅದು ಸೋಮೇಶ್ವರ ದೇವಸ್ಥಾನ, ಚೋಳರ ಕಾಲದ್ದು ಎನ್ನುತ್ತಾರೆ. ಗಣಪನ ದರ್ಶನಕ್ಕೆ ಬಂದವರಲ್ಲಿ ಇತ್ತ ತಿರುಗುವವರು ಕಡಿಮೆ. ಗಣಪತಿ ಗುಡಿಯ ಹೊರಗೋಡೆ ಸಾದಾ. ಸೋಮೇಶ್ವರನದು ಹಾಗಲ್ಲ, ಗೋಡೆಗಂಬ, ಕಿರುಗೋಪುರ, ಕಂಬದ ಮೈಮೇಲಿನ ಕೆತ್ತನೆ ಎಲ್ಲದರಲ್ಲೂ ಉಳಿಯ ಕೈ ಎದ್ದು ಕಾಣುತ್ತದೆ. ಊರವರು ಹೇಳುವ ಕಥೆ ಇನ್ನೂ ಚೆಂದ: ಗುಡಿಯ ಅರ್ಧ ಭಾಗ ಜಕಣಾಚಾರಿ ಕಡೆದದ್ದು, ಉಳಿದರ್ಧ ಮಗ ಡಂಕಣಾಚಾರಿಯದು. ಜಕಣಾಚಾರಿಯನ್ನು ಜನ ಹೊಯ್ಸಳರ ಬೇಲೂರಿಗೂ ತುಮಕೂರಿನ ಹತ್ತಿರದ ಕೈದಾಳಕ್ಕೂ ಸೇರಿಸುತ್ತಾರೆ, ಇತಿಹಾಸಕಾರರು ಅವನ ಇರವನ್ನೇ ಒಪ್ಪಲು ಹಿಂದೆಮುಂದೆ ನೋಡುತ್ತಾರೆ. ಇರಲಿ. ಕಥೆ ನಿಜವೋ ಸುಳ್ಳೋ, ಅದು ನೋಡುವವರಿಗೆ ಒಂದು ಕೆಲಸ ಕೊಡುತ್ತದೆ. ಗಂಡ ಒಂದು ಬದಿಯ ಗೋಡೆ ಹಿಡಿದು, ಹೆಂಡತಿ ಇನ್ನೊಂದು ಬದಿಯಿಂದ ಬಂದು, ಅಪ್ಪನ ಉಳಿ ಎಲ್ಲಿ ನಿಂತಿತು, ಮಗನದು ಎಲ್ಲಿ ಶುರುವಾಯಿತು ಎಂದು ವಾದ ಮಾಡುತ್ತಾ ಒಂದು ಗಂಟೆ ಕಳೆಯಬಹುದು. ಈ ಬದಿಯ ಬೊಂಬೆಯ ಮುಖದಲ್ಲಿ ನಗು ಹೆಚ್ಚು, ಆ ಬದಿಯದರಲ್ಲಿ ಒಡವೆ ಹೆಚ್ಚು ಎಂದು ಜಗಳವಾಡಬಹುದು. ಫ್ಲಾರೆನ್ಸಿನಲ್ಲಿ ಇಂಥ ಕಥೆಯೊಂದು ಸಿಕ್ಕಿದ್ದರೆ ಅದರ ಮೇಲೆ ಗೈಡುಗಳ ಒಂದು ತಲೆಮಾರು ಬದುಕುತ್ತಿತ್ತು.

ಒಂದೇ ಗುಡಿಗಾಗಿ ಯಾರೂ ರಾತ್ರಿ ಉಳಿಯುವುದಿಲ್ಲ ಎಂದು ವಾದಿಸಬಹುದು. ಸರಿ, ಹಾಗಾದರೆ ತಾಲ್ಲೂಕನ್ನೇ ನೋಡಿ. ಮುಳಬಾಗಿಲಿನ ಆಂಜನೇಯನನ್ನು ಅರ್ಜುನ ಸ್ಥಾಪಿಸಿದ ಎಂಬ ಪ್ರತೀತಿ. ಊರ ಪಕ್ಕದ ನರಸಿಂಹತೀರ್ಥದಲ್ಲಿ ಶ್ರೀಪಾದರಾಜರ ಬೃಂದಾವನ. ವ್ಯಾಸರಾಯರು ಓದಿದ್ದು ಈ ಗುರುವಿನ ಬಳಿ. ಹೈದರ್ ವಲಿ ದರ್ಗಾಕ್ಕೆ ಎಲ್ಲ ಧರ್ಮದವರೂ ಬರುತ್ತಾರೆ. ಕೋಲದೇವಿಯಲ್ಲಿ ಗರುಡನಿಗೇ ಮುಖ್ಯ ದೇವರ ಸ್ಥಾನ. ಡಿ.ವಿ. ಗುಂಡಪ್ಪನವರು 1887ರಲ್ಲಿ ಹುಟ್ಟಿದ ಊರು ಮುಳಬಾಗಿಲು. ಅವರ ‘ಜ್ಞಾಪಕ ಚಿತ್ರಶಾಲೆ’ ಓದಿದ ದಂಪತಿಗೆ ಅಲ್ಲಿನ ಹಳೆಯ ಬೀದಿಗಳಲ್ಲಿ ಸಂಜೆ ಅಡ್ಡಾಡಲು ಬೇರೆ ನೆಪ ಬೇಡ. ಕನ್ನಡದಲ್ಲಿ ಕೇಳಿದ್ದಕ್ಕೆ ತೆಲುಗಿನಲ್ಲಿ ಉತ್ತರ ಬರುವ ಅಂಗಡಿ ಸಾಲು ಅದರದ್ದೇ ಒಂದು ನೋಟ. ಕೊನೆಗೆ ದೋಸೆ. ಬೆಂಗಳೂರಿನ ಬೋರ್ಡುಗಳ ಮೇಲೆ ಮುಳಬಾಗಿಲಿನ ಹೆಸರು ಹೊತ್ತು ಮೆರೆಯುವ ಆ ದೋಸೆಯನ್ನು ಅದರ ತವರಿನಲ್ಲೇ, ಮೇಲೆ ಗರಿಗರಿ ಒಳಗೆ ಮೆತ್ತಗೆ ಇರುವಾಗಲೇ, ಕೆಂಪು ಚಟ್ನಿಯೊಂದಿಗೆ ತಿನ್ನಬೇಕು.

ಬೆಳಗ್ಗೆ ಆವಣಿ. ಹತ್ತನೇ ಶತಮಾನದ ಹೊತ್ತಿಗೆ ನೊಳಂಬರು ಕಟ್ಟಿಸಿದ ಗುಡಿಗಳು. ಒಂದೇ ಆವರಣದಲ್ಲಿ ರಾಮ, ಲಕ್ಷ್ಮಣ, ಭರತ, ಶತ್ರುಘ್ನರ ಹೆಸರಿನ ಶಿವಲಿಂಗಗಳು. ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ರಕ್ಷಣೆಯಲ್ಲಿರುವ ಈ ಗುಡಿಗಳ ಕಲ್ಲಿನ ನೆಲ ಹತ್ತು ಗಂಟೆಗೆಲ್ಲ ಕಾಯುತ್ತದೆ, ಬರಿಗಾಲಿನವರು ಬೇಗ ಬರುವುದು ಲೇಸು. ಮೇಲಿನ ಬೆಟ್ಟದಲ್ಲಿ ಸೀತೆಯ ಗುಡಿ. ಲವಕುಶರು ಹುಟ್ಟಿದ್ದು ಇಲ್ಲಿ ಎಂದು ಊರು ನಂಬುತ್ತದೆ. ಗುಂಡುಬಂಡೆಗಳ ನಡುವೆ ಹತ್ತಿ ಇಳಿಯಲು ಅರ್ಧ ದಿನ ಬೇಕು. ಮನಸ್ಸಿದ್ದರೆ ವಾಪಸು ಹೋಗುವ ದಾರಿಯಲ್ಲಿ ಕೋಲಾರದ ಕೋಲಾರಮ್ಮ, ಸೋಮೇಶ್ವರ. ಎರಡು ದಿನಕ್ಕೂ ಮಿಕ್ಕುವಷ್ಟು ಸರಕು.

ಹಾಗಿದ್ದರೆ ಕೊರತೆ ಯಾವುದರದು? ಸರ್ಕಾರಿ ಕಡತಗಳಲ್ಲಿ ‘ಅಂತರರಾಷ್ಟ್ರೀಯ ಪ್ರವಾಸಿ ತಾಣ’ ಎಂಬ ಮಾತು ಬಂದಾಗಲೆಲ್ಲ ಒಂದು ಸ್ವಾಗತ ಕಮಾನು, ಒಂದು ದೊಡ್ಡ ಪ್ರತಿಮೆ, ಒಂದು ಸಂಗೀತ ಕಾರಂಜಿ ಹಿಂದೆಯೇ ಬರುತ್ತವೆ. ಅವು ಯಾವುವೂ ಕುರುಡುಮಲೆಗೆ ಬೇಡ. ಯುರೋಪಿನ ಊರುಗಳಲ್ಲಿ ನಮ್ಮ ದಂಪತಿಗೆ ಹಿಡಿಸಿದ್ದನ್ನು ಬಿಡಿಸಿ ಕೇಳಿದರೆ ಉತ್ತರ ಬೇರೆಯೇ ಇರುತ್ತದೆ: ಕೂರಲು ಬೆಂಚು, ದುಡ್ಡು ಕೊಟ್ಟರೂ ಸರಿ ಶುಚಿಯಾದ ಶೌಚಾಲಯ, ಕೈಗೆ ಸಿಗುವ ನಕ್ಷೆ, ಹೇಳಿದ ಹೊತ್ತಿಗೆ ಬರುವ ಬಸ್ಸು, ಕಾರಿಗೆ ಹೆದರದೆ ನಡೆಯಬಹುದಾದ ಬೀದಿ. ವಯಸ್ಸಾದ ಹೆಂಗಸೊಬ್ಬರು ಒಂದು ಜಾಗದಲ್ಲಿ ಎಷ್ಟು ಹೊತ್ತು ಇರಬಲ್ಲರು ಎಂಬುದನ್ನು ಅಲ್ಲಿನ ಶಿಲ್ಪಕಲೆಗಿಂತ ಮೊದಲು ಶೌಚಾಲಯ ತೀರ್ಮಾನಿಸುತ್ತದೆ. ಇದನ್ನು ಪ್ರವಾಸೋದ್ಯಮದ ಭಾಷಣಗಳಲ್ಲಿ ಯಾರೂ ಹೇಳುವುದಿಲ್ಲ.

ಮುಳಬಾಗಿಲು ಬಸ್ ನಿಲ್ದಾಣದಿಂದ ಶನಿವಾರ, ಭಾನುವಾರವಾದರೂ ಕುರುಡುಮಲೆ, ಆವಣಿ, ಕೋಲದೇವಿ ಸುತ್ತಿ ಬರುವ ಒಂದು ಬಸ್ಸು ಓಡಿಸಬಹುದು. ಸೋಮೇಶ್ವರದ ಕಂಬಗಳ ಕಥೆ ಹೇಳಬಲ್ಲ ಊರಿನ ನಾಲ್ಕು ಹುಡುಗ ಹುಡುಗಿಯರಿಗೆ ತರಬೇತಿ, ಗುರುತಿನ ಚೀಟಿ, ನಿಗದಿ ಶುಲ್ಕ ಕೊಡಬಹುದು. ಮಾವಿನ ತೋಟದ ನಡುವಿನ ಮನೆಯವರು ಎರಡು ಕೋಣೆ ಬಾಡಿಗೆಗೆ ಬಿಡಲು ಮುಂದಾದರೆ ಪರವಾನಗಿಗಾಗಿ ಅವರನ್ನು ಕಚೇರಿಯಿಂದ ಕಚೇರಿಗೆ ಅಲೆಸದಿರಬಹುದು. ರಾಗಿಮುದ್ದೆ, ಬಸ್ಸಾರು, ಮಾವಿನ ಕಾಲದಲ್ಲಿ ಶ್ರೀನಿವಾಸಪುರದ ಹಣ್ಣು: ಅತಿಥಿಗೆ ಇದಕ್ಕಿಂತ ಮೇಲಿನ ಊಟ ಬೇಕಿಲ್ಲ.

ಪ್ರವಾಸಿಗರು ಹೆಚ್ಚಾದರೆ ಹಳ್ಳಿ ಕೆಡುತ್ತದೆ ಎಂಬ ಆತಂಕ ಹುರುಳಿಲ್ಲದ್ದಲ್ಲ. 2024ರ ಜುಲೈನಲ್ಲಿ ಬಾರ್ಸಿಲೋನಾದ ಜನ ಬೀದಿಗಿಳಿದು, ಹೋಟೆಲುಗಳ ಮುಂದೆ ಕೂತು ಉಣ್ಣುತ್ತಿದ್ದ ಪ್ರವಾಸಿಗರ ಮೇಲೆ ಆಟದ ಪಿಸ್ತೂಲಿನಿಂದ ನೀರು ಚಿಮ್ಮಿಸಿದ್ದನ್ನು ಜಗತ್ತೇ ನೋಡಿತು. ಪ್ರವಾಸಿಗರಿಗೆ ಮನೆಗಳನ್ನು ಬಾಡಿಗೆಗೆ ಬಿಟ್ಟು ಬಿಟ್ಟು ಊರವರಿಗೇ ಬಾಡಿಗೆ ಕೈಗೆಟುಕದಂತಾದದ್ದು ಅಲ್ಲಿನ ಸಿಟ್ಟಿಗೆ ಮುಖ್ಯ ಕಾರಣ. ಕುರುಡುಮಲೆ ಆ ಸ್ಥಿತಿಗೆ ಬರಲು ಇನ್ನೂ ಬಹಳ ದಾರಿಯಿದೆ. ಅಲ್ಲದೆ ಇಲ್ಲಿ ಕೇಳುತ್ತಿರುವುದು ಇನ್ನಷ್ಟು ಕಾರುಗಳನ್ನಲ್ಲ. ಈಗ ಬರುತ್ತಿರುವ ನೂರು ಜೋಡಿಗಳಲ್ಲಿ ಹತ್ತು ಜೋಡಿ ಒಂದು ರಾತ್ರಿ ಉಳಿದರೂ ಸಾಕು. ಅವರ ಊಟದ, ಕೋಣೆಯ, ಗೈಡಿನ ದುಡ್ಡು ಹಳ್ಳಿಯಲ್ಲೇ ನಿಲ್ಲುತ್ತದೆ. ಪಂಚಾಯಿತಿಗೆ ಕಸ ಎತ್ತಿಸಲು ನಾಲ್ಕು ಕಾಸು ಹುಟ್ಟುತ್ತದೆ.

ಯುರೋಪಿಗೆ ಹೋಗಬೇಡಿ ಎಂದು ಯಾರೂ ಹೇಳುತ್ತಿಲ್ಲ. ಹೋಗುವವರು ಊರುಗಳ ಪಟ್ಟಿಯಲ್ಲಿ ಅರ್ಧ ಹೊಡೆದು ಹಾಕಿ, ಉಳಿದ ಊರುಗಳಲ್ಲಿ ಎರಡೆರಡು ರಾತ್ರಿ ಇದ್ದು ಬನ್ನಿ. ಹೊರಡುವ ಮೊದಲು ಹೇಗೂ ಗಣಪತಿ ಪೂಜೆಗೆ ಕುರುಡುಮಲೆಗೆ ಬರುತ್ತೀರಿ. ಆ ಸಲ ಶನಿವಾರ ಮಧ್ಯಾಹ್ನವೇ ಬನ್ನಿ, ಮುಳಬಾಗಿಲಿನಲ್ಲಿ ಕೋಣೆ ಹಿಡಿಯಿರಿ, ಸೋಮೇಶ್ವರನ ಗುಡಿಯನ್ನು ಇಬ್ಬರೂ ನಿಧಾನವಾಗಿ ಒಂದು ಸುತ್ತು ಹಾಕಿ. ಶೌಚಾಲಯ, ಬಸ್ಸು, ಗೈಡು ಯಾಕಿಲ್ಲ ಎಂದು ಪ್ರವಾಸೋದ್ಯಮ ಇಲಾಖೆಗೆ ಒಂದು ಕಾಗದ ಬರೆಯಿರಿ. ಮತ ಕೇಳುವ ಯಾತ್ರೆಗಳನ್ನು ಇದೇ ಗಣಪನ ಮುಂದೆ ಶುರುಮಾಡುವ ನಾಯಕರಿಗೂ ಅದರ ಒಂದು ಪ್ರತಿ ಕಳಿಸಿ.